ಎಲ್ಲ ಉತ್ತರಗಳನ್ನೂ ಒಮ್ಮೆಗೇ ನೋಡುವ ಯಂತ್ರವೆಂಬ ಭ್ರಾಂತಿ

ಅರಾವಳಿಯ ಬಂಡೆನೆಲದ ಮೇಲೆ ದೆಹಲಿ ಅಭಿವೃದ್ಧಿ ಪ್ರಾಧಿಕಾರವು (ಡಿ.ಡಿ.ಎ.) ಕಟ್ಟಿದ ನಮ್ಮ ವಸಂತ್ ಕುಂಜ್ ಬಡಾವಣೆಯಲ್ಲಿ ನಿವೃತ್ತ ಅಧಿಕಾರಿಗಳು, ಅಧ್ಯಾಪಕರು, ವೈದ್ಯರು ಮೊದಲಾದ ವಿದ್ಯಾವಂತರಿಗೆ ಕೊರತೆಯಿಲ್ಲ. ಸಾಯಂಕಾಲ ಉದ್ಯಾನದ ಬೆಂಚುಗಳ ಮೇಲೆ ನಡೆಯುವ ಅವರ ಲೋಕವಿಚಾರದಲ್ಲಿ ಈಚೆಗೆ ಕ್ವಾಂಟಮ್ ಗಣಕಯಂತ್ರವೂ ಸೇರಿಕೊಂಡಿರುವುದು ಸಂತೋಷವೇ ಸರಿ. ಆದರೆ ಆ ವಿಷಯ ಬಂದಾಗಲೆಲ್ಲ ಅದರ ಬೆನ್ನಿಗೆ ಒಂದು ವಾಕ್ಯವೂ ತಪ್ಪದೆ ಬರುತ್ತದೆ: ಸಾಮಾನ್ಯ ಗಣಕವು ಉತ್ತರಗಳನ್ನು ಒಂದಾದ ಮೇಲೊಂದರಂತೆ ಪರೀಕ್ಷಿಸುತ್ತದೆ, ಕ್ವಾಂಟಮ್ ಗಣಕವಾದರೋ ಸಾಧ್ಯವಿರುವ ಉತ್ತರಗಳನ್ನೆಲ್ಲ ಏಕಕಾಲದಲ್ಲಿ ಪರೀಕ್ಷಿಸಿ, ಸರಿಯಾದುದನ್ನು ಎತ್ತಿ ಕೈಯಲ್ಲಿಡುತ್ತದೆ. ಈ ವಾಕ್ಯವನ್ನು ಪತ್ರಿಕೆಗಳಲ್ಲಿ ಓದಿದ್ದೇನೆ, ದೂರದರ್ಶನದ ಚರ್ಚೆಗಳಲ್ಲಿ ಕೇಳಿದ್ದೇನೆ, ಮಕ್ಕಳಿಗೆಂದು ಬರೆದ ಪುಸ್ತಕಗಳಲ್ಲಿಯೂ ಕಂಡಿದ್ದೇನೆ. ಕಂಡಷ್ಟು ಸಲವೂ ನನ್ನ ತಾಳ್ಮೆ ಕದಡಿದೆ. ಏಕೆಂದರೆ ಈ ನಂಬಿಕೆ ಮಿಥ್ಯೆಯೆಂಬುದಕ್ಕೆ ಅತ್ಯಂತ ಸ್ಪಷ್ಟವಾದ ಸಾಕ್ಷ್ಯವು, ನಮ್ಮ ಬಡಾವಣೆಯಿಂದ ಜೆ.ಎನ್.ಯು. ಆವರಣವನ್ನು ಬಳಸಿಕೊಂಡು ಹೋದರೆ ಕೆಲವೇ ಮೈಲಿಗಳಲ್ಲಿ ಸಿಗುವ ಹೌಜ್ ಖಾಸ್‌ನ ಐ.ಐ.ಟಿ.ಯಲ್ಲಿ ಓದಿ 1981ರಲ್ಲಿ ಪದವಿ ಪಡೆದ ಲವ್ ಕುಮಾರ್ ಗ್ರೋವರ್ ಅವರ ಕೃತಿಯಲ್ಲಿಯೇ ಇದೆ. ಆ ಕೃತಿಯನ್ನೇ ಜನರು ತಮ್ಮ ನಂಬಿಕೆಗೆ ಆಧಾರವೆಂದು ಉದಾಹರಿಸುತ್ತಿದ್ದಾರೆ.

ಕ್ವಾಂಟಮ್ ಗಣಕದ ಮೂಲ ಘಟಕವಾದ ಕ್ಯೂಬಿಟ್ ಎಂಬುದು ಸೊನ್ನೆ ಮತ್ತು ಒಂದು ಇವೆರಡರ ಮಿಶ್ರಸ್ಥಿತಿಯಲ್ಲಿ ಇರಬಲ್ಲುದೆಂಬುದೂ, ಇಪ್ಪತ್ತು ಕ್ಯೂಬಿಟ್‌ಗಳು ಸೇರಿದರೆ ಹತ್ತು ಲಕ್ಷಕ್ಕೂ ಮಿಕ್ಕ ಸಾಧ್ಯತೆಗಳು ಒಂದೇ ಸ್ಥಿತಿಯಲ್ಲಿ ಹೆಣೆದುಕೊಂಡಿರಬಲ್ಲುವೆಂಬುದೂ ನಿಜ. ಇದನ್ನು ಎಲ್ಲರೂ ಬಲ್ಲರಾದ್ದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಜನರು ಮರೆಯುವುದು ಇದರ ಉತ್ತರಾರ್ಧವನ್ನು. ಆ ಸ್ಥಿತಿಯನ್ನು ಅಳೆಯಲು ಹೊರಟೊಡನೆ ನಮಗೆ ದೊರೆಯುವುದು ಒಂದೇ ಒಂದು ಉತ್ತರ. ಅದು ಯಾವುದೆಂಬುದು ನಮ್ಮ ಇಚ್ಛೆಗೆ ಒಳಪಟ್ಟುದಲ್ಲ, ಕೇವಲ ಸಂಭಾವ್ಯತೆಗೆ ಒಳಪಟ್ಟುದು. ಹತ್ತು ಲಕ್ಷ ಸಾಧ್ಯತೆಗಳನ್ನು ಸಮಸಮವಾಗಿ ಬೆರೆಸಿ, ಒಂದೊಂದನ್ನೂ ಪರೀಕ್ಷೆಗೆ ಒಳಪಡಿಸಿ, ಬಳಿಕ ಯಂತ್ರವನ್ನು ಅಳೆದೆವೆಂದರೆ, ಸರಿಯುತ್ತರವು ಸಿಗುವ ಸಂಭವ ಹತ್ತು ಲಕ್ಷದಲ್ಲಿ ಒಂದು. ಕಣ್ಣುಮುಚ್ಚಿ ಒಂದು ಚೀಟಿಯನ್ನು ಎತ್ತಿದ್ದರೂ ಅಷ್ಟೇ ಸಂಭವವಿರುತ್ತಿತ್ತು. ಸೋವಿಯತ್ ಗಣಿತಜ್ಞ ಅಲೆಕ್ಸಾಂಡರ್ ಹೊಲೆವೊ 1973ರಷ್ಟು ಹಿಂದೆಯೇ, ಕ್ವಾಂಟಮ್ ಗಣಕವೆಂಬ ಕಲ್ಪನೆಯೇ ಇನ್ನೂ ರೂಪುಗೊಳ್ಳದಿದ್ದ ಕಾಲದಲ್ಲಿ, ಇಪ್ಪತ್ತು ಕ್ಯೂಬಿಟ್‌ಗಳಿಂದ ಇಪ್ಪತ್ತು ಬಿಟ್‌ಗಳಿಗಿಂತ ಹೆಚ್ಚಿನ ಮಾಹಿತಿಯನ್ನು ಹೊರತೆಗೆಯಲಾಗದೆಂದು ಸಾಧಿಸಿ ತೋರಿಸಿದ್ದರು. ಎಲ್ಲ ಉತ್ತರಗಳೂ ಒಳಗಿವೆಯೆಂದ ಮಾತ್ರಕ್ಕೆ ಅವು ನಮ್ಮ ಕೈಗೆ ಬಂದಂತಾಗಲಿಲ್ಲ.

ಹಾಗಾದರೆ ಈ ಯಂತ್ರದ ಶಕ್ತಿ ಇರುವುದೆಲ್ಲಿ? ಗ್ರೋವರ್ ಅವರು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದಾಗ 1996ರಲ್ಲಿ ಪ್ರಕಟಿಸಿದ ಶೋಧನ ವಿಧಾನವು ಇದಕ್ಕೆ ಉತ್ತರವಾಗಿ ನಿಲ್ಲುತ್ತದೆ. ಅದನ್ನು ಅರಿಯಲು ಉನ್ನತ ಗಣಿತವೇನೂ ಬೇಡ. ನಾಲ್ಕು ಪೆಟ್ಟಿಗೆಗಳಿದ್ದು ಒಂದರಲ್ಲಿ ಮಾತ್ರ ನಮಗೆ ಬೇಕಾದ ವಸ್ತು ಇದೆಯೆಂದುಕೊಳ್ಳೋಣ. ಒಂದೊಂದು ಪೆಟ್ಟಿಗೆಗೂ ಆಂಪ್ಲಿಟ್ಯೂಡ್ ಎಂಬ ಒಂದು ಸಂಖ್ಯೆಯುಂಟು. ಆ ಸಂಖ್ಯೆಯ ವರ್ಗವೇ ಆ ಪೆಟ್ಟಿಗೆ ದೊರೆಯುವ ಸಂಭಾವ್ಯತೆ. ಮೊದಲಲ್ಲಿ ನಾಲ್ಕಕ್ಕೂ ಅರ್ಧ ಅರ್ಧ. ಅರ್ಧದ ವರ್ಗ ಕಾಲು, ಆದುದರಿಂದ ನಾಲ್ಕಕ್ಕೂ ಸಮಾನ ಅವಕಾಶ. ಈಗ ಯಂತ್ರಕ್ಕೆ ಒಂದೇ ಒಂದು ಪ್ರಶ್ನೆ ಕೇಳುತ್ತೇವೆ. ಅದರ ಪರಿಣಾಮವಾಗಿ ಸರಿಯಾದ ಪೆಟ್ಟಿಗೆಯ ಸಂಖ್ಯೆ ಮಾತ್ರ ಋಣವಾಗಿ, ಋಣಾರ್ಧವಾಗುತ್ತದೆ. ಈ ಘಟ್ಟದಲ್ಲಿ ಅಳೆದರೆ ಏನೂ ಪ್ರಯೋಜನವಿಲ್ಲ, ಏಕೆಂದರೆ ಋಣಾರ್ಧದ ವರ್ಗವೂ ಕಾಲೇ. ಗ್ರೋವರ್ ಅವರ ಪ್ರತಿಭೆ ತೋರುವುದು ಮುಂದಿನ ಹೆಜ್ಜೆಯಲ್ಲಿ: ಪ್ರತಿಯೊಂದು ಸಂಖ್ಯೆಯನ್ನೂ ಸರಾಸರಿಯ ಆಚೆಬದಿಗೆ ಅಷ್ಟೇ ದೂರಕ್ಕೆ ತಿರುಗಿಸಿಡುವುದು. ಮೂರು ಅರ್ಧಗಳನ್ನೂ ಒಂದು ಋಣಾರ್ಧವನ್ನೂ ಕೂಡಿದರೆ ಒಂದು, ಅದರ ಸರಾಸರಿ ಕಾಲು. ಅರ್ಧವು ಕಾಲಿನ ಆಚೆಬದಿಗೆ ಹೋದರೆ ಸೊನ್ನೆಯಾಗುತ್ತದೆ, ಋಣಾರ್ಧವು ಹೋದರೆ ಪೂರ್ಣ ಒಂದಾಗುತ್ತದೆ. ತಪ್ಪು ಪೆಟ್ಟಿಗೆಗಳು ಮೂರೂ ಅಳಿಸಿಹೋದವು. ಸರಿಯಾದುದು ನಿಶ್ಚಯವಾಗಿ ದೊರೆಯಿತು. ತರಂಗಗಳು ಒಂದನ್ನೊಂದು ಬಲಪಡಿಸುವ, ಒಂದನ್ನೊಂದು ಅಳಿಸುವ ವ್ಯತಿಕರಣವೇ ಇಲ್ಲಿ ಕೆಲಸ ಮಾಡಿದ್ದು. ಇಷ್ಟು ಸುಂದರವಾದ ಲೆಕ್ಕವನ್ನು ಹೈಸ್ಕೂಲಿನ ಹುಡುಗಿಯೊಬ್ಬಳು ಕಾಗದದ ಮೇಲೆ ಐದು ನಿಮಿಷದಲ್ಲಿ ಮಾಡಿ ನೋಡಬಹುದಾಗಿರುವಾಗ, ನಾವು ಅವಳಿಗೆ ಮಾಂತ್ರಿಕನ ಕಥೆಯನ್ನು ಹೇಳಿ ಕಳುಹಿಸುತ್ತಿದ್ದೇವೆಂಬುದೇ ನನ್ನ ಕೊರಗು.

ಪೆಟ್ಟಿಗೆಗಳು ಹತ್ತು ಲಕ್ಷವಾದರೆ? ಇದೇ ಎರಡು ಹೆಜ್ಜೆಗಳನ್ನು ಮತ್ತೆ ಮತ್ತೆ ಮಾಡಬೇಕು. ಒಂದೊಂದು ಆವೃತ್ತಿಗೂ ಸರಿಯುತ್ತರದ ಪಾಲು ಸ್ವಲ್ಪ ಸ್ವಲ್ಪವಾಗಿ ಬೆಳೆಯುತ್ತದೆ. ನೂರು ಆವೃತ್ತಿಗಳಾದ ಮೇಲೂ ಸಂಭಾವ್ಯತೆ ಶೇಕಡಾ 4ರಷ್ಟೇ. ಅದು ಪೂರ್ಣತೆಯನ್ನು ಮುಟ್ಟಲು ಸುಮಾರು 785 ಆವೃತ್ತಿಗಳು ಬೇಕು. ಸಾಮಾನ್ಯ ಗಣಕಕ್ಕೆ ಸರಾಸರಿ ಐದು ಲಕ್ಷ ಪರೀಕ್ಷೆಗಳು ಬೇಕಾಗುತ್ತಿದ್ದವಾದ್ದರಿಂದ ಇದು ಮಹತ್ತಾದ ಉಳಿತಾಯವೇ ಹೌದು. ಆದರೆ ಎಲ್ಲವನ್ನೂ ಏಕಕಾಲದಲ್ಲಿ ನೋಡಿ ಉತ್ತರ ಕೊಡುವ ಯಂತ್ರಕ್ಕೆ 785 ಸಲ ಕೇಳುವ ಅಗತ್ಯವೇಕೆ? ಒಂದೇ ಸಲ ಸಾಕಾಗಬೇಕಿತ್ತಲ್ಲವೆ? ಇನ್ನೂ ವಿಚಿತ್ರವಾದುದೇನೆಂದರೆ, 785ಕ್ಕೆ ನಿಲ್ಲದೆ ಉತ್ಸಾಹದಿಂದ 1,570ರವರೆಗೆ ಮುಂದುವರಿಸಿದರೆ, ಕೈಗೆ ಬಂದಿದ್ದ ಉತ್ತರವು ಜಾರಿಹೋಗಿ ಸಂಭಾವ್ಯತೆ ಮತ್ತೆ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಪರೀಕ್ಷಿಸುತ್ತ ಹೋದಷ್ಟೂ ಉತ್ತರವನ್ನು ಕಳೆದುಕೊಳ್ಳುವ ಪರೀಕ್ಷಕನನ್ನು ಯಾರು ಕಂಡಿದ್ದಾರೆ? ಇಲ್ಲಿ ನಡೆಯುತ್ತಿರುವುದು ಪರೀಕ್ಷೆಯಲ್ಲ, ಪ್ರತಿ ಸಲವೂ ಒಂದು ಸಣ್ಣ ಕೋನದಷ್ಟು ಮೆಲ್ಲಗೆ ಹೊರಳುವ ಪರಿಭ್ರಮಣ. ಗುರಿಯನ್ನು ದಾಟಿ ಹೊರಳಿದರೆ ಗುರಿ ತಪ್ಪುವುದು ಸಹಜವೇ.

ಗ್ರೋವರ್ ಅವರಿಗಿಂತ ಚತುರನಾದ ಇನ್ನೊಬ್ಬನು ನಾಳೆ ಬಂದು ಆ 785ನ್ನು ಒಂದಕ್ಕೆ ಇಳಿಸಬಾರದೇಕೆ ಎಂದು ಕೇಳುವವರಿಗೂ ಉತ್ತರ ಸಿದ್ಧವಾಗಿದೆ. ಬೆನೆಟ್, ಬರ್ನ್‌ಸ್ಟೈನ್, ಬ್ರಸಾರ್ ಮತ್ತು ಉಮೇಶ್ ವಜೀರಾನಿ ಅವರು 1997ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಇಂಥ ಶೋಧನೆಯಲ್ಲಿ ಯಾವ ಕ್ವಾಂಟಮ್ ವಿಧಾನವೂ ವರ್ಗಮೂಲದ ಪ್ರಮಾಣವನ್ನು ಮೀರಿ ವೇಗವಾಗಿರಲಾರದೆಂದು ಸಾಧಿಸಿದ್ದಾರೆ. 1999ರಲ್ಲಿ ಕ್ರಿಸ್ಟೋಫ್ ಜಾಲ್ಕಾ ಅವರು ಗ್ರೋವರ್ ವಿಧಾನದಿಂದ ಒಂದು ಹೆಜ್ಜೆಯನ್ನೂ ಉಳಿಸಲಾಗದೆಂಬಷ್ಟು ನಿಖರವಾಗಿ ಆ ಮೇರೆಯನ್ನು ಗುರುತಿಸಿದರು. ಇದು ಎಂಜಿನಿಯರರ ಅಸಾಮರ್ಥ್ಯವಲ್ಲ. ಪ್ರಕೃತಿಯ ನಿಯಮದಿಂದಲೇ ಬಂದ ಕಟ್ಟಳೆ.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದೇ ವಿಷಯವನ್ನು ಕುರಿತು ನಡೆದ ಸಂಶೋಧನೆಯು ಕನ್ನಡಿಗರಲ್ಲಿ ಇನ್ನಷ್ಟು ಪರಿಚಿತವಾಗಿರಬೇಕಿತ್ತು. ಗುರಿಯನ್ನು ದಾಟಿಹೋಗುವ ಮೇಲ್ಕಂಡ ತೊಡಕಿಗೆ ಪರಿಹಾರವಾಗಿ, ಎಷ್ಟು ಮುಂದುವರಿಸಿದರೂ ಉತ್ತರವು ಜಾರದ ಸ್ಥಿರಬಿಂದು ಶೋಧನೆಯನ್ನು ಗ್ರೋವರ್ ಅವರು 2005ರಲ್ಲಿ ಸೂಚಿಸಿದರು. ಮರುವರ್ಷ ಅವರೂ ಸಂಸ್ಥೆಯ ತಥಾಗತ ತುಲಸಿ ಮತ್ತು ಅಪೂರ್ವ ಪಟೇಲ್ ಅವರೂ ಕೂಡಿ ಅದಕ್ಕೊಂದು ಹೊಸ ರೂಪವನ್ನು ಕೊಟ್ಟರು. ಪಟೇಲರು ಇದಕ್ಕೂ ಮೊದಲು, 2001ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ‘ಪ್ರಮಾಣ’ ಪತ್ರಿಕೆಯಲ್ಲಿ ಒಂದು ಆಶ್ಚರ್ಯಕರವಾದ ಸಾಮ್ಯವನ್ನು ಮುಂದಿಟ್ಟಿದ್ದರು. ಗ್ರೋವರ್ ವಿಧಾನದ ಲೆಕ್ಕದ ಪ್ರಕಾರ ಒಂದು ಪ್ರಶ್ನೆಯಿಂದ 4 ವಸ್ತುಗಳಲ್ಲಿ ಒಂದನ್ನು ಗುರುತಿಸಬಹುದು, ಮೂರು ಪ್ರಶ್ನೆಗಳಿಂದ ಇಪ್ಪತ್ತಕ್ಕಿಂತ ತುಸುವೇ ಹೆಚ್ಚಿನವುಗಳಲ್ಲಿ ಒಂದನ್ನು, ಜೀವಿಗಳ ಡಿ.ಎನ್.ಎ.ಯಲ್ಲಿರುವ ಅಕ್ಷರಗಳು 4, ಮೂರು ಮೂರು ಅಕ್ಷರಗಳ ಸಂಕೇತದಿಂದ ಗುರುತಾಗುವ ಅಮೈನೋ ಆಮ್ಲಗಳು 20. ಜೀವಕೋಶದಲ್ಲಿ ಇಂಥ ಶೋಧನೆ ನಿಜವಾಗಿಯೂ ನಡೆಯುತ್ತದೆಂಬುದು ಸಿದ್ಧವಾದ ಸಂಗತಿಯಲ್ಲ, ಧೀರವಾದ ಒಂದು ಊಹೆ. ಆದರೂ ಆ ಊಹೆಯ ಸೊಗಸು ಇರುವುದು ಒಂದು ಮತ್ತು ಮೂರು ಎಂಬ ಪ್ರಶ್ನೆಗಳ ಸಂಖ್ಯೆಯಲ್ಲಿ. ಯಂತ್ರವು ಎಲ್ಲವನ್ನೂ ಒಮ್ಮೆಗೇ ನೋಡುತ್ತದೆಂದು ನಂಬಿದವನ ಕಣ್ಣಿಗೆ ಆ ಸೊಗಸು ಬೀಳುವ ಬಗೆಯೇ ಇಲ್ಲ.

ಉಳಿದ ನಂಬಿಕೆಗಳಿಗೆ ಇಷ್ಟು ವ್ಯವಧಾನ ಬೇಕಿಲ್ಲ. ನಾಳೆಯೇ ಬ್ಯಾಂಕುಗಳ ಗೂಢಲಿಪಿಗಳೆಲ್ಲ ಒಡೆದುಹೋಗುವುವೆಂಬ ಭಯ ಅನಗತ್ಯ: ದೊಡ್ಡ ಸಂಖ್ಯೆಗಳನ್ನು ಅಪವರ್ತಿಸುವ ಪೀಟರ್ ಶೋರ್ ಅವರ 1994ರ ವಿಧಾನವು ನಿಜವೇ ಆದರೂ, 2001ರಲ್ಲಿ ಅದರಿಂದ ಅಪವರ್ತಿಸಿದ ಸಂಖ್ಯೆ 15, ಮತ್ತು ಅಂಥ ಅಪವರ್ತನದ ಕಷ್ಟವನ್ನೇ ನೆಚ್ಚಿ ಇಂದು ಬಳಕೆಯಲ್ಲಿರುವ ಆರ್.ಎಸ್.ಎ. ಲಿಪಿಯನ್ನು ಒಡೆಯಲು 2025ರ ಅತ್ಯಂತ ಮಿತವ್ಯಯದ ಅಂದಾಜಿನಲ್ಲಿಯೂ ಹತ್ತು ಲಕ್ಷಕ್ಕೆ ಸಮೀಪದಷ್ಟು ಕ್ಯೂಬಿಟ್‌ಗಳು ಬೇಕು. ಈ ನಡುವೆ ಅಮೆರಿಕದ ಮಾನಕ ಸಂಸ್ಥೆಯು 2024ರ ಆಗಸ್ಟ್‌ನಲ್ಲಿಯೇ ಬದಲಿ ಲಿಪಿಗಳನ್ನು ಪ್ರಕಟಿಸಿದೆ. ಕ್ವಾಂಟಮ್ ಗಣಕವು ಸಕಲ ಕಾರ್ಯಗಳನ್ನೂ ತ್ವರೆಗೊಳಿಸುತ್ತದೆಂಬ ನಂಬಿಕೆಯೂ ಸಲ್ಲದು. ಗ್ರಾಹಕರ ರುಚಿಯನ್ನು ಊಹಿಸುವ ಸಮಸ್ಯೆಯಲ್ಲಿ ಅದಕ್ಕೆ ಅಗಾಧವಾದ ಮೇಲ್ಗೈ ಇದೆಯೆಂದು ತಿಳಿದಿದ್ದಾಗ, 2018ರಲ್ಲಿ ಹದಿನೆಂಟರ ವಯಸ್ಸಿನ ವಿದ್ಯಾರ್ಥಿನಿ ಈವಿನ್ ಟಾಂಗ್, ಸಾಮಾನ್ಯ ಗಣಕವೂ ಅದಕ್ಕೆ ಸರಿಸುಮಾರಾಗಿ ಆ ಕೆಲಸವನ್ನು ಮಾಡಬಲ್ಲುದೆಂದು ತೋರಿಸಿದಳು. ಅಣುಗಳ, ವಸ್ತುಗಳ ವರ್ತನೆಯನ್ನು ಅನುಕರಿಸಿ ತಿಳಿಯುವುದೇ ಈ ಯಂತ್ರದ ಸಹಜವಾದ ಕ್ಷೇತ್ರವೆಂದು ಭೌತವಿಜ್ಞಾನಿ ಫೈನ್‌ಮನ್ 1981ರಲ್ಲಿಯೇ ಹೇಳಿದ್ದರು. ಆ ಮಾತನ್ನು ಮಾತ್ರ ಬೆಂಚಿನ ಮೇಲೆ ಯಾರೂ ಆಡುವುದಿಲ್ಲ.

ಇದೊಂದು ಹರಟೆಯ ದೋಷವಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಕೇಂದ್ರ ಸರ್ಕಾರವು 2023ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 6,003.65 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿದೆ. ಅದರ ನಾಲ್ಕು ಕೇಂದ್ರಗಳಲ್ಲಿ ಗಣಕಗಳಿಗೆ ಸಂಬಂಧಿಸಿದ್ದು ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿಯೂ, ವಸ್ತು ಮತ್ತು ಸಾಧನಗಳಿಗೆ ಸಂಬಂಧಿಸಿದ್ದು ನಮ್ಮ ನೆರೆಯ ಐ.ಐ.ಟಿ.ಯಲ್ಲಿಯೂ ಇವೆ. ಪ್ರಜೆಗಳ ಹಣದಿಂದ ನಡೆಯುವ ಈ ಪರಿಶ್ರಮವು ಹತ್ತು ವರ್ಷಗಳಲ್ಲಿ ನೀಡಬಹುದಾದ ಫಲವನ್ನು, ಅದು ಎಂದೂ ನೀಡಲಾರದ ಪವಾಡದೊಡನೆ ಹೋಲಿಸಿ, ಎಲ್ಲವೂ ಮೋಸವೆಂದು ಜನರು ತಿರಸ್ಕರಿಸುವ ದಿನ ಬಂದರೆ, ಆ ಪಾಪದಲ್ಲಿ ಇಂದಿನ ಉತ್ಪ್ರೇಕ್ಷೆಯ ಪ್ರಚಾರಕರಿಗೂ ಪಾಲುಂಟು. ನಮ್ಮ ಬಡಾವಣೆಯಲ್ಲಿ ಡಿ.ಡಿ.ಎ. ಮನೆಯೊಂದನ್ನು ಕೊಳ್ಳುವವರು ಮೂಲ ಹಂಚಿಕೆಯ ಪತ್ರದಿಂದ ಹಿಡಿದು ಪ್ರತಿಯೊಂದು ಕಾಗದವನ್ನೂ ವಕೀಲರಿಗೆ ತೋರಿಸದೆ ಮುಂಗಡ ಕೊಡುವುದಿಲ್ಲ. ಅವರೇ ವಿಜ್ಞಾನದ ಹೆಸರಿನಲ್ಲಿ ಬಂದ ಮಾತಿಗೆ, ಇದಕ್ಕೆ ಎಷ್ಟು ಹೆಜ್ಜೆಗಳು ಬೇಕು, ಯಾರು ಸಾಧಿಸಿದ್ದಾರೆ ಎಂಬೆರಡು ಪ್ರಶ್ನೆಗಳನ್ನೂ ಕೇಳದೆ ತಲೆದೂಗುತ್ತಾರೆ.

ಹೀಗೆ ತಲೆದೂಗುವ ಅಭ್ಯಾಸವಾದವರ ಬಳಿಗೆ ಅದೇ ಕ್ವಾಂಟಮ್ ಎಂಬ ಹೆಸರನ್ನು ಹೊತ್ತ ನೀರು, ಚಿಕಿತ್ಸೆ, ಪದಕಗಳು ಬರಲು ತಡವಾಗುವುದಿಲ್ಲ, ಬಂದೂ ಆಗಿದೆ. ಮೊಬೈಲ್ ಗೋಪುರಗಳ ತರಂಗಗಳಿಂದ ರಕ್ಷಿಸುತ್ತವೆಂದು ಹೇಳಿ ಮಾರಲಾಗುತ್ತಿದ್ದ ಇಂಥ ಪದಕ, ಕೈಕಡಗ, ನಿದ್ರೆಯ ಕಣ್ಪಟ್ಟಿ ಮೊದಲಾದ ಹತ್ತು ವಸ್ತುಗಳನ್ನು ನೆದರ್ಲೆಂಡ್ಸಿನ ಪರಮಾಣು ಸುರಕ್ಷಾ ಪ್ರಾಧಿಕಾರವು ಪರೀಕ್ಷಿಸಿ, ಅವೇ ಅಯಾನೀಕಾರಕ ವಿಕಿರಣವನ್ನು ಹೊರಸೂಸುತ್ತಿವೆಯೆಂದೂ, ದೀರ್ಘಕಾಲ ಧರಿಸಿದರೆ ಹಾನಿಯಾಗಬಹುದೆಂದೂ 2021ರ ಡಿಸೆಂಬರ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು. ಆ ಹತ್ತರಲ್ಲಿ ಒಂದು, ಮಕ್ಕಳ ಕೈಗೆ ತೊಡಿಸುವ ಕಡಗ.