ಏಳು ಕಮಾಂಡ್, ಒಂದೇ ಆಕಾಶ

ಕಾರ್ಗಿಲ್ ಶಿಖರಗಳ ಮೇಲೆ ಬಾಂಬ್ ಹಾಕಿದ್ದು ಬೆರಳೆಣಿಕೆಯ ಪೈಲಟ್‌ಗಳು. ಅವರನ್ನು ಅಲ್ಲಿಗೆ ಮುಟ್ಟಿಸಿದ್ದು ಇಡೀ ವಾಯುಪಡೆ.

1999ರ ಮೇ 26. ಭಾರತೀಯ ವಾಯುಪಡೆ ‘ಸಫೇದ್ ಸಾಗರ್’ ಕಾರ್ಯಾಚರಣೆಗಿಳಿದಾಗ ಸರ್ಕಾರದ ಕಟ್ಟಪ್ಪಣೆ ಸ್ಪಷ್ಟವಾಗಿತ್ತು: ನಿಯಂತ್ರಣ ರೇಖೆ ದಾಟಬಾರದು. ಶತ್ರು ಅಡಗಿದ್ದದ್ದು ಬಂಡೆಗಳ ಮರೆಯಲ್ಲಿ, ಉಸಿರಾಟವೇ ಕಷ್ಟವಾಗುವ ಎತ್ತರದಲ್ಲಿ. ಮೂರೇ ದಿನಗಳಲ್ಲಿ ಎರಡು ಯುದ್ಧವಿಮಾನ, ಒಂದು ಎಂಐ-17 ಹೆಲಿಕಾಪ್ಟರ್ ಕಳೆದುಕೊಂಡೆವು.

ತಂತ್ರ ಬದಲಾದ ಬಗೆ

ಕಾರ್ಯಾಚರಣೆಯ ಹೊಣೆ ಹೊತ್ತಿದ್ದದ್ದು ದೆಹಲಿಯ ಪಶ್ಚಿಮ ವಾಯು ಕಮಾಂಡ್. ನಷ್ಟದ ಬೆನ್ನಲ್ಲೇ ಶಸ್ತ್ರಸಜ್ಜಿತ ಹೆಲಿಕಾಪ್ಟರ್‌ಗಳನ್ನು ದಾಳಿಯಿಂದ ಹಿಂತೆಗೆಯಲಾಯಿತು. ಹೆಗಲ ಮೇಲಿಟ್ಟು ಸಿಡಿಸುವ ಕ್ಷಿಪಣಿಗಳಿಗೆ ಎಟುಕದಷ್ಟು ಮೇಲಿನಿಂದ ವಿಮಾನಗಳು ಬಾಂಬ್ ಹಾಕತೊಡಗಿದವು. ಅಷ್ಟು ಎತ್ತರದಿಂದ ಗುರಿ ತಪ್ಪದಿರಲು ಮಿರಾಜ್-2000 ಬೇಕಾಯಿತು.

ಮಿರಾಜ್‌ಗಳ ನೆಲೆ ಗ್ವಾಲಿಯರ್. ಅದು ಮಧ್ಯ ವಾಯು ಕಮಾಂಡ್‌ಗೆ ಸೇರಿದ್ದು. ಅವು ಪಂಜಾಬಿನ ಆದಂಪುರಕ್ಕೆ ಬಂದು, ಪಶ್ಚಿಮ ಕಮಾಂಡ್‌ನ ಆದೇಶದಲ್ಲಿ ಹೋರಾಡಿದವು. ಜೂನ್ 17ರಂದು ಮುಂತೋ ಧಾಲೋದಲ್ಲಿದ್ದ ಶತ್ರುವಿನ ಸರಬರಾಜು ಶಿಬಿರ ನುಚ್ಚುನೂರಾಯಿತು. 24ರಂದು ಟೈಗರ್ ಹಿಲ್ ಮೇಲೆ ಲೇಸರ್ ನಿರ್ದೇಶಿತ ಬಾಂಬ್ ಬಿತ್ತು. ಯುದ್ಧವಿಮಾನಗಳ ತಂಡವಾದ ಸ್ಕ್ವಾಡ್ರನ್ ಯಾವ ಕಮಾಂಡ್‌ನ ಸ್ವತ್ತೂ ಅಲ್ಲ. ದೇಶಕ್ಕೆ ಬೇಕಾದ ಕಡೆ ಅದರ ರಣರಂಗ.

ಯಾರ ಹೊಣೆ ಏನು?

ವಾಯುಪಡೆಗಿರುವುದು ಏಳು ಕಮಾಂಡ್. ಪಶ್ಚಿಮ, ನೈರುತ್ಯ, ಮಧ್ಯ, ಪೂರ್ವ, ದಕ್ಷಿಣ: ಈ ಐದು ಕಮಾಂಡ್‌ಗಳು ಆಕಾಶವನ್ನು ಹಂಚಿಕೊಂಡು ಕಾಯುತ್ತವೆ. ಯುದ್ಧದ ಯೋಜನೆ ಕಮಾಂಡ್‌ನದ್ದು. ರನ್‌ವೇ, ಇಂಧನ, ಶಸ್ತ್ರಾಗಾರ ಸಜ್ಜಾಗಿಡುವುದು ವಾಯುನೆಲೆಯ ಕೆಲಸ. ಹಾರಿ ಹೋರಾಡುವುದು ಸ್ಕ್ವಾಡ್ರನ್. ರೇಡಾರ್ ಘಟಕಗಳು ಹಗಲಿರುಳೂ ಗಡಿಯತ್ತ ಕಣ್ಣಿಟ್ಟಿರುತ್ತವೆ. ಕ್ಷಿಪಣಿ ಘಟಕಗಳು ನುಗ್ಗುವ ವಿಮಾನಗಳನ್ನು ತಡೆಯುತ್ತವೆ.

ಉಳಿದೆರಡು ಕಮಾಂಡ್‌ಗಳ ಹೆಸರು ಸುದ್ದಿಯಲ್ಲಿ ಕೇಳಿಬರುವುದೇ ಅಪರೂಪ. ಬೆಂಗಳೂರಿನ ತರಬೇತಿ ಕಮಾಂಡ್ ಪೈಲಟ್‌ಗಳನ್ನೂ ತಂತ್ರಜ್ಞರನ್ನೂ ರೂಪಿಸುತ್ತದೆ. ನಮ್ಮ ಬೀದರ್, ಯಲಹಂಕ ನೆಲೆಗಳು ಅದರ ತರಬೇತಿ ಕೇಂದ್ರಗಳು. ನಾಗಪುರದ ನಿರ್ವಹಣಾ ಕಮಾಂಡ್ ದುರಸ್ತಿ ಮತ್ತು ಬಿಡಿಭಾಗಗಳ ಹೊಣೆ ಹೊತ್ತಿದೆ. ಯುದ್ಧ ಘೋಷಣೆಯಾದ ಮೇಲೆ ಪೈಲಟ್‌ನನ್ನು ತಯಾರಿಸಲಾಗದು. ವರ್ಷಗಳ ಹಿಂದೆಯೇ ಆ ಕೆಲಸ ಆಗಿರಬೇಕು.

ಅದಕ್ಕಾಗಿಯೇ ಶಾಂತಿಕಾಲದ ಲೆಕ್ಕ ಮುಖ್ಯ. ವಾಯುಪಡೆಗೆ ಮಂಜೂರಾದ ಯುದ್ಧವಿಮಾನ ಸ್ಕ್ವಾಡ್ರನ್‌ಗಳು 42. 2025ರ ಸೆಪ್ಟೆಂಬರ್‌ನಲ್ಲಿ ಮಿಗ್-21 ನಿವೃತ್ತವಾದಾಗ ಉಳಿದದ್ದು 29. ಗಡಿ ಬಿಸಿಯಾದಾಗ ಜೈಕಾರ ಹಾಕುವ ನಾವು, ತಣ್ಣಗಿರುವಾಗ ಈ ಕೊರತೆಯ ಬಗ್ಗೆ ಪ್ರಶ್ನೆ ಕೇಳಬೇಕು.