ಗಾಲಿಯ ಮೇಲಣ ಗೃಹಸ್ಥಾಶ್ರಮ

ಗೃಹಸ್ಥನಾದವನು ಮನೆಗೆ ಬೀಗ ಹಾಕಿ ಯಾತ್ರೆಗೆ ಹೊರಡುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಮನೆಯನ್ನೇ ಜೊತೆಯಲ್ಲಿ ಕೊಂಡೊಯ್ಯುವ ಯಾತ್ರೆಯೂ ಒಂದುಂಟೆಂಬುದು ನಮಗೆ ಅನುಭವಕ್ಕೆ ಬಂದುದು ಅರುವತ್ತರ ವಯಸ್ಸಿನಲ್ಲಿ. ಒಂದು ಜೂನ್ ತಿಂಗಳಲ್ಲಿ ನಾವು ದಂಪತಿಗಳು ಮೋಟಾರು-ಮನೆಯೊಂದನ್ನು ಬಾಡಿಗೆಗೆ ಹಿಡಿದು ಸ್ಕಾಟ್ಲೆಂಡಿನ ಉತ್ತರದ ಕರಾವಳಿಯನ್ನು ಹನ್ನೆರಡು ದಿನಗಳಲ್ಲಿ ಸುತ್ತಿ ಬಂದೆವು. ಆ ವೃತ್ತಾಂತವನ್ನು ವಾಚಕರ ಮುಂದಿಡುತ್ತೇವೆ.

ಇನ್ವರ್ನೆಸ್ ಪಟ್ಟಣದಿಂದ ಹೊರಟು, ಪಶ್ಚಿಮ ಸಮುದ್ರವನ್ನು ಮುಟ್ಟಿ, ಉತ್ತರದ ಅಂಚಿನಲ್ಲಿ ಹಾಯ್ದು, ಪೂರ್ವತೀರದ ಮಾರ್ಗವಾಗಿ ಮತ್ತೆ ಇನ್ವರ್ನೆಸ್ಸನ್ನು ಸೇರುವ ಈ ದಾರಿ ಸುಮಾರು ೫೦೦ ಮೈಲಿಗಳದು. ೨೦೧೫ರಲ್ಲಿ ಇದಕ್ಕೆ ‘ನಾರ್ತ್ ಕೋಸ್ಟ್ ೫೦೦’ ಎಂಬ ಹೆಸರು ಬಂದಿತು. ಅಂದಿನಿಂದ ಪ್ರವಾಸಿಗಳ ಸಂಖ್ಯೆಯೂ ಏರಿತು. ಅಲ್ಲಿಯೂ ವಾಹನಗಳು ನಮ್ಮಲ್ಲಿಯಂತೆ ರಸ್ತೆಯ ಎಡಬದಿಯಲ್ಲೇ ನಡೆಯುತ್ತವೆಯಾದುದರಿಂದ ನಮಗೆ ಧೈರ್ಯವಿದ್ದಿತು.

ಬಂಡಿಯೊಳಗೆ ಮಂಚ, ಗ್ಯಾಸಿನ ಒಲೆ, ಪಾತ್ರೆ ತೊಳೆಯುವ ತೊಟ್ಟಿ, ನೀರಿನ ಟ್ಯಾಂಕು, ಶೌಚದ ಕೋಣೆ ಎಲ್ಲವೂ ಉಂಟು. ಆದರೆ ಇಬ್ಬರು ಏಕಕಾಲದಲ್ಲಿ ಎದ್ದು ನಿಂತರೆ ಒಬ್ಬರು ಕುಳಿತುಕೊಳ್ಳಲೇಬೇಕು. ಹೊರಡುವ ಮುನ್ನ ಪ್ರತಿಯೊಂದು ಬೀರುವಿಗೂ ಚಿಲಕ ಹಾಕಬೇಕು. ನಾವು ಮರೆತ ದಿನ ಸಾರಿನಪುಡಿಯ ಡಬ್ಬಿ ಹಾಸಿಗೆಯ ಮೇಲೆ ಹೊರಳಿತು. ಶೌಚದ ಪೆಟ್ಟಿಗೆಯನ್ನು ಬಿಡಾರದ ಸ್ಥಳಗಳಲ್ಲಿ ಅದಕ್ಕಾಗಿಯೇ ಇರುವ ತೊಟ್ಟಿಯಲ್ಲಿ ಬರಿದುಮಾಡಿ ತೊಳೆಯಬೇಕು. ಅಡಿಗೆ ಮಾಡುವವರಿಗೆ ಆ ಕೆಲಸವನ್ನು ಹೇಳಲು ನಮಗೆ ಬಾಯಿ ಬರಲಿಲ್ಲ. ಮೂವತ್ತು ವರ್ಷ ಕಾಳಿದಾಸನನ್ನು ಪಾಠ ಹೇಳಿದ ಕೈಗಳು ಅದನ್ನೂ ಕಲಿತವು.

ಪಶ್ಚಿಮತೀರದಲ್ಲಿ ರಸ್ತೆ ಬಹುಪಾಲು ಒಂದೇ ಬಂಡಿಯ ಅಗಲದ್ದು. ಅಲ್ಲಲ್ಲಿ ಸ್ವಲ್ಪ ಅಗಲಮಾಡಿ, ಫಲಕ ನೆಟ್ಟು, ತಂಗುಮೂಲೆಗಳನ್ನು ಮಾಡಿದ್ದಾರೆ. ಇವು ಎದುರಿನಿಂದ ಬರುವವರಿಗಾಗಿ ಮಾತ್ರವೆಂದು ನಾವು ಭಾವಿಸಿದ್ದೆವು. ಲಾಕ್‌ಕ್ಯಾರನ್ ದಾಟಿ ಷೀಲ್ಡೇಗ್ ಗ್ರಾಮದ ಕಡೆಗೆ ಹೋಗುತ್ತಿರುವಾಗ ಸಣ್ಣ ಕಾರೊಂದು ನಮ್ಮ ಹಿಂದೆಯೇ ಬರುತ್ತಿದ್ದಿತು. “ಪಾಪ, ಯಾರೋ ಬಹಳ ಹೊತ್ತಿನಿಂದ ಹಿಂದೆ ಬರುತ್ತಿದ್ದಾರೆ, ದಾರಿ ಬಿಡಬಾರದೆ?” ಎಂದರು ಮನೆಯವರು. ನಾವು ಕೇಳಲಿಲ್ಲ. ಅವರು ಎರಡನೆಯ ಸಲ ಹೇಳಿದಾಗ, “ನನ್ನನ್ನು ರಸ್ತೆ ನೋಡಲು ಬಿಡುತ್ತೀಯೋ ಇಲ್ಲವೋ?” ಎಂದು ಗದರಿದೆವು. ಆಮೇಲೆ ಮೂರು ಮೈಲಿ ಅವರು ಮಾತನಾಡಲಿಲ್ಲ. ಕೊನೆಗೆ ಎದುರಿನಿಂದ ಲಾರಿಯೊಂದು ಬಂದುದರಿಂದ ನಾವು ನಿಲ್ಲಬೇಕಾಯಿತು. ಲಾರಿ ಹೋದ ಒಡನೆ ಹಿಂದಿನ ಕಾರು ನಮ್ಮನ್ನು ದಾಟಿ ಹೋಯಿತು. ಅದರಲ್ಲಿದ್ದಾಕೆ ಕೈಯೆತ್ತಿ ವಂದಿಸಿಯೇ ಹೋದಳು.

ಷೀಲ್ಡೇಗಿನಲ್ಲಿ ಅದೇ ಕಾರು ಮನೆಯೊಂದರ ಮುಂದೆ ನಿಂತಿತ್ತು. ಕೈಚೀಲ ಹಿಡಿದು ಹೊರಬಂದಾಕೆ ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ದಾದಿ. ನಾವು ಕ್ಷಮೆ ಬೇಡಿದೆವು. ಆಕೆ ನಕ್ಕು, “ಒಳಗೆ ಅಜ್ಜನೊಬ್ಬರು ಸೂಜಿಮದ್ದಿಗಾಗಿ ಕಾದಿದ್ದರು. ತೊಂದರೆಯೇನೂ ಆಗಲಿಲ್ಲ. ಮುಂದೆ ಹಿಂಬದಿಯ ಕನ್ನಡಿಯನ್ನೂ ನೋಡುತ್ತಿರಿ” ಎಂದಳು. ಹಿಂದಿನವರಿಗೂ ದಾರಿ ಕೊಡಬೇಕೆಂಬುದು ಆ ದೇಶದ ರಸ್ತೆಯ ನಿಯಮಗಳಲ್ಲಿಯೇ ಉಂಟೆಂದು ಆಮೇಲೆ ಓದಿ ತಿಳಿದೆವು. ನಮಗೆ ವಿಹಾರದ ದಾರಿಯಾದುದು ಅಲ್ಲಿಯವರಿಗೆ ಆಸ್ಪತ್ರೆಯ ದಾರಿ, ಶಾಲೆಯ ದಾರಿ. ಆ ಸಂಜೆ ಮನೆಯವರು ಏನೊಂದೂ ಹೇಳದೆ ಚಹಾ ಕಾಸಿಕೊಟ್ಟರು. “ನೀನು ಹೇಳಿದುದೇ ಸರಿ” ಎಂಬ ಮಾತು, ಮೂವತ್ತೈದು ವರ್ಷಗಳಲ್ಲಿ ಮೊದಲ ಬಾರಿಗೋ ಏನೋ, ನಮ್ಮ ಬಾಯಿಂದ ಬಂದಿತು.

ಮುಂದೆ ಅಲ್ಲಾಪೂಲ್. ೧೭೮೮ರಲ್ಲಿ ಹೆರಿಂಗ್ ಮೀನುಗಾರಿಕೆಗಾಗಿ ಯೋಜಿಸಿ ಕಟ್ಟಿದ ಊರು. ಅಲ್ಲಿಂದ ಲೂಯಿಸ್ ದ್ವೀಪದ ಸ್ಟಾರ್ನೊವೇಗೆ ಹಡಗು ಹೋಗುತ್ತದೆ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆಯಿಸಿ, ನಮ್ಮ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಸಂಗ್ರಹಿಸಿದ ಕರ್ನಲ್ ಕಾಲಿನ್ ಮೆಕೆಂಜಿ ಹುಟ್ಟಿದುದು ಆ ದ್ವೀಪದಲ್ಲಿಯೇ. ಹಡಗುಕಟ್ಟೆಯ ಮೇಲೆ ನಿಂತು ಆತನನ್ನು ನೆನೆದೆವು.

ಉತ್ತರದ ಡರ್ನೆಸ್ಸಿನಲ್ಲಿ ಸ್ಮೂ ಎಂಬ ಕಡಲಗುಹೆಯುಂಟು. ಅದರೊಳಗೆ ಜಲಪಾತ ಬೀಳುತ್ತದೆ. ಆ ಊರಿನಲ್ಲಿ ಸೂರ್ಯಾಸ್ತವಾಗುವುದು ಜೂನ್ ತಿಂಗಳಲ್ಲಿ ರಾತ್ರಿ ಹತ್ತು ಗಂಟೆ ದಾಟಿದ ಮೇಲೆ. ಸಾಯಂಸಂಧ್ಯೆಗಾಗಿ ನಾವು ಕಾದೆವು, ಹಸಿವು ಕಾಯಲಿಲ್ಲ. ಜಾನ್ ಓ ಗ್ರೋಟ್ಸ್ ಎಂಬಲ್ಲಿ ಪ್ರವಾಸಿಗಳು ನೆಲದ ಕೊನೆಯನ್ನು ಕಂಡೆವೆಂದು ಸಂತೋಷಪಡುವರಷ್ಟೆ. ಬ್ರಿಟನ್ನಿನ ಮುಖ್ಯಭೂಮಿಯ ಉತ್ತರದ ತುದಿ ಡನೆಟ್ ಹೆಡ್ ಎಂಬುದನ್ನು ಹೇಳದೆ ಮೇಷ್ಟರಿಗೆ ಸಮಾಧಾನವಿಲ್ಲ.

ಪೂರ್ವತೀರದ ಬ್ಯಾಡ್‌ಬೇ ಎಂಬ ಹಾಳೂರನ್ನು ನೋಡಿದುದೇ ನಮ್ಮ ಯಾತ್ರೆಯ ಸಾರ. ಕುರಿಸಾಕಣೆಯ ಲಾಭಕ್ಕಾಗಿ ಜಮೀನುದಾರರು ಒಳನಾಡಿನ ಕಣಿವೆಗಳಿಂದ ಎಬ್ಬಿಸಿದ ಒಕ್ಕಲುಗಳು ಈ ಕಡಿದಾದ ಬಂಡೆಯ ನೆತ್ತಿಯಲ್ಲಿ ಗುಡಿಸಲು ಕಟ್ಟಿದರು. ಗಾಳಿಗೆ ಮಕ್ಕಳು ಕಡಲಿಗೆ ಬಿದ್ದಾರೆಂದು ಹಗ್ಗದಿಂದ ಕಟ್ಟುತ್ತಿದ್ದರೆಂದು ಜನ ಹೇಳುತ್ತಾರೆ. ಈಗ ಉಳಿದಿರುವುದು ಕಲ್ಲಿನ ಗೋಡೆಗಳ ಬುಡಗಳು ಮಾತ್ರ. ಅಲ್ಲಿಂದ ನ್ಯೂಜಿಲೆಂಡಿಗೆ ಹೋದವನೊಬ್ಬನ ಮಗ ೧೯೧೧ರಲ್ಲಿ ಸ್ಮಾರಕ ನಿಲ್ಲಿಸಿದನು. ಮನೆಯವರು ಒಂದು ಒಲೆಯ ಗುರುತಿನ ಮುಂದೆ ಬಹಳ ಹೊತ್ತು ನಿಂತು, “ನಮ್ಮ ಬಂಡಿಗಿಂತ ಇದು ದೊಡ್ಡದೇನಲ್ಲ, ಇದರಲ್ಲಿ ಎಷ್ಟು ಮಕ್ಕಳಿದ್ದರೋ!” ಎಂದರು. ಮನೆಯನ್ನು ವಿನೋದಕ್ಕಾಗಿ ಹೊತ್ತು ತಿರುಗುವ ನಾವು, ಮನೆಯನ್ನು ಕಳೆದುಕೊಂಡವರ ಹೊಸ್ತಿಲಲ್ಲಿ ತಲೆ ತಗ್ಗಿಸಿದೆವು.

ಹೋಗಬಯಸುವ ಗೃಹಸ್ಥರಿಗೆ ಒಂದು ಸೂಚನೆ. ಅಲ್ಲಿಯ ೨೦೦೩ರ ಕಾಯಿದೆಯಂತೆ ನಡೆದು ಹೋಗುವವರು ಬಯಲಿನಲ್ಲಿ ಗುಡಾರ ಹೂಡಬಹುದು. ಮೋಟಾರು ವಾಹನಗಳಿಗೆ ಆ ಹಕ್ಕಿಲ್ಲ. ಬಿಡಾರದ ಸ್ಥಳವನ್ನು ಮುಂಚೆಯೇ ಗೊತ್ತುಮಾಡಿಕೊಳ್ಳಿರಿ. ತಂಗುಮೂಲೆಯಲ್ಲಿ ಬಂಡಿ ನಿಲ್ಲಿಸಿ ಮಲಗಬೇಡಿರಿ.

ನಾವೀಗ ಸ್ವಗೃಹದಲ್ಲಿ ಸುಖವಾಗಿದ್ದೇವೆ. ಮಾತಿಗೆ ಮಾತು ಬೆಳೆಯುವ ಸೂಚನೆ ಕಂಡರೆ ಮನೆಯವರು “ಷೀಲ್ಡೇಗ್” ಎನ್ನುತ್ತಾರೆ. ನಾವು ಪಕ್ಕಕ್ಕೆ ಸರಿದು ದಾರಿ ಬಿಡುತ್ತೇವೆ.