ಡಬ್ಬಿಯಲ್ಲಿ ಬಂದ ಬಿಯರು

ಊರು ಬಿಟ್ಟು ಬಂದ ಸಂಸಾರಗಳಲ್ಲಿ ಹೊಸ ಹವ್ಯಾಸಗಳು ಬೇಗ ಬೇರೂರುತ್ತವೆ. ಒಬ್ಬರು ಗಚ್ಚಿಯ ಮೇಲೆ ಟೊಮೆಟೊ ಬೆಳೆಸುತ್ತಾರೆ, ಇನ್ನೊಬ್ಬರು ಮನೆಯಲ್ಲೇ ಬ್ರೆಡ್ಡು ಮಾಡುತ್ತಾರೆ. ಇವೆಲ್ಲ ನಿರುಪದ್ರವಿ ಚಟಗಳು. ಆದರೆ ಪುಣೆ–ಸೊಲ್ಲಾಪುರ ಹೆದ್ದಾರಿಯ ಮೇಲಿರುವ ಕುರಕುಂಭದ ಕೈಗಾರಿಕಾ ವಸಾಹತಿಗೆ ದುಡಿಯಲು ಬಂದ ನಮ್ಮ ಕೆಲವು ಹುಡುಗರ ತಲೆಯಲ್ಲಿ ಈಗ ಹೊಕ್ಕಿರುವ ಹವ್ಯಾಸದ ವಿಷಯದಲ್ಲಿ ಹಿರಿಯರು ತುಸು ನಿಧಾನವಾಗಿ ಯೋಚಿಸಬೇಕಾಗಿದೆ. ಅದೆಂದರೆ, ಕಿಟ್ಟು ತರಿಸಿ ಬಾಡಿಗೆಯ ಕೋಣೆಯಲ್ಲೇ ಬಿಯರು ತಯಾರಿಸುವುದು.

ವಿಜಾಪುರದ ಕಡೆಯ ಹುಡುಗನೊಬ್ಬ ನಮ್ಮನ್ನು ನೇರವಾಗಿಯೇ ಕೇಳಿದ: "ಇಡ್ಲಿ ಹಿಟ್ಟು ಹುಳಿ ಬರಸ್ತೀವಿ, ಅದಕ್ಕ ಯಾರೂ ಏನೂ ಅನ್ನಂಗಿಲ್ಲ. ಬಾರ್ಲಿ ಹುಳಿ ಬರಿಸಿದ್ರ ಅಷ್ಟ ತಪ್ಪೇನ್ರಿ ಕಾಕಾ?" ಪ್ರಶ್ನೆ ತಮಾಷೆಯದೆನಿಸಿದರೂ ನಕ್ಕು ತಳ್ಳಿಹಾಕುವಂಥದ್ದಲ್ಲ. ರಸಾಯನದ ಕಾರಖಾನೆಯಲ್ಲಿ ದಿನವೆಲ್ಲ ದುಡಿಯುವ ಹುಡುಗನಿಗೆ ಹುದುಗುವಿಕೆಯ ಮೇಲೆ ಕುತೂಹಲ ಹುಟ್ಟಿದರೆ ಅದು ದೋಷವಲ್ಲ. ಆದ್ದರಿಂದ ಮೊದಲು ಕಿಟ್ಟಿನೊಳಗೆ ಏನಿದೆ ಎಂಬುದನ್ನು ನೋಡೋಣ.

ಕಿಟ್ಟಿನಲ್ಲಿ ಮುಖ್ಯವಾಗಿ ಮೂರು ಪದಾರ್ಥಗಳಿರುತ್ತವೆ. ಮೊಳೆತ ಬಾರ್ಲಿಯಿಂದ ತೆಗೆದು ಗಟ್ಟಿಯಾಗಿಸಿದ ಪಾಕ ಒಂದು. ಕಹಿಯನ್ನೂ ಪರಿಮಳವನ್ನೂ ಕೊಡುವ, ಹಾಪ್ಸ್ ಎಂಬ ಬಳ್ಳಿಯ ಒಣಗಿದ ಹೂವು ಇನ್ನೊಂದು. ಯೀಸ್ಟಿನ ಪುಡಿ ಮೂರನೆಯದು. ಇವುಗಳ ಜೊತೆಗೆ ಮುಚ್ಚಳವಿರುವ ದೊಡ್ಡ ಬಕೀಟು, ಒಳಗಿನ ಗಾಳಿಯನ್ನು ಹೊರಬಿಟ್ಟು ಹೊರಗಿನದನ್ನು ಒಳಗೆ ಬಿಡದ ಸಣ್ಣ ನಳಿಕೆ, ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರು ಬೇಕು. ಪಾಕವನ್ನು ಬಿಸಿನೀರಿನಲ್ಲಿ ಕರಗಿಸಿ, ತಣ್ಣೀರು ಬೆರೆಸಿ ಸುಮಾರು 20 ಲೀಟರು ಮಾಡಿ, ಆರಿದ ಮೇಲೆ ಯೀಸ್ಟು ಹಾಕುತ್ತಾರೆ. ಯೀಸ್ಟು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಈ ಕೆಲಸ ಜೀವಿಗಳದೆಂದು ತೋರಿಸಿಕೊಟ್ಟವರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಪ್ರಮುಖರು. ಅವರು 1876ರಲ್ಲಿ ಬಿಯರಿನ ಮೇಲೆಯೇ ಒಂದು ಗ್ರಂಥವನ್ನು ಪ್ರಕಟಿಸಿದರು.

ಹಾಗಾದರೆ ಇಡ್ಲಿಯ ಹಿಟ್ಟಿಗೂ ಇದಕ್ಕೂ ಭೇದವೇನು? ಇಡ್ಲಿಯ ಹಿಟ್ಟಿನಲ್ಲಿ ದುಡಿಯುವವು ಮುಖ್ಯವಾಗಿ ಹುಳಿ ತರುವ ಬ್ಯಾಕ್ಟೀರಿಯಾಗಳು. ಹಿಟ್ಟು ಉಬ್ಬುತ್ತದೆ, ಹುಳಿಯಾಗುತ್ತದೆ, ಅಮಲೇರಿಸುವುದಿಲ್ಲ. ಬಿಯರಿನಲ್ಲಿ ದುಡಿಯುವುದು ಯೀಸ್ಟು. ಅದರ ಫಲ ಮದ್ಯಸಾರ. ಕಾಯಿದೆ ನೋಡುವುದು ಹುಳಿ ಬಂದಿತೇ ಎಂಬುದನ್ನಲ್ಲ, ಅಮಲು ಬಂದಿತೇ ಎಂಬುದನ್ನು.

ಮಹಾರಾಷ್ಟ್ರದಲ್ಲಿ ಇಂದಿಗೂ ನಡೆಯುತ್ತಿರುವುದು 1949ರ ಪಾನನಿಷೇಧ ಕಾಯಿದೆ. ಮೊದಲು ಮುಂಬಯಿ ಪ್ರಾಂತದ ಹೆಸರಿನಲ್ಲಿದ್ದ ಅದು ಈಗ ಮಹಾರಾಷ್ಟ್ರದ ಹೆಸರನ್ನು ಹೊತ್ತಿದೆ. ಅಂಗಡಿಯಲ್ಲಿ ಬಾಟಲಿ ಸಿಗುತ್ತದೆಂದ ಮಾತ್ರಕ್ಕೆ ಮನೆಯಲ್ಲಿ ಮದ್ಯ ತಯಾರಿಸಬಹುದೆಂದು ಅರ್ಥವಲ್ಲ. ಪರವಾನಗಿಯಿಲ್ಲದೆ ತಯಾರಿಸುವುದು ಅಪರಾಧ. ಅದಕ್ಕೆ ದಂಡವೂ ಉಂಟು, ಸೆರೆವಾಸವೂ ಉಂಟು. "ಊರಿಗೆ ಹೋಗಿ ಮಾಡುತ್ತೇನೆ" ಎಂದರೆ ಅಲ್ಲಿ ಕರ್ನಾಟಕದ 1965ರ ಅಬಕಾರಿ ಕಾಯಿದೆಯೂ ಪರವಾನಗಿಯನ್ನೇ ಕೇಳುತ್ತದೆ. ಪಾಕ, ಹೂವು, ಯೀಸ್ಟುಗಳನ್ನು ಬಿಡಿಬಿಡಿಯಾಗಿ ಕೊಳ್ಳಲು ಅಡ್ಡಿಯಿಲ್ಲದಿರಬಹುದು. ಬೇಕರಿಯವರೂ ಯೀಸ್ಟು ಕೊಳ್ಳುತ್ತಾರೆ. ಅವು ಬಕೀಟಿನಲ್ಲಿ ಕೂಡಿ ಬಿಯರಾದಾಗಲೇ ತೊಡಕು.

ಪರದೇಶದ ಮಾತು ಬೇರೆ. ಇಂಗ್ಲೆಂಡಿನಲ್ಲಿ ಸ್ವಂತಕ್ಕಾಗಿ ಬಿಯರು ಮಾಡುವವರಿಗಿದ್ದ ಪರವಾನಗಿಯ ಕಟ್ಟು 1963ರಲ್ಲಿ ಹೋಯಿತು. ಅಮೆರಿಕದಲ್ಲಿ 1978ರ ಕಾನೂನು ಮನೆಬಳಕೆಗೆ ಬಿಯರು ತಯಾರಿಸಲು ಒಕ್ಕೂಟದ ತೆರಿಗೆಯಿಂದ ವಿನಾಯಿತಿ ಕೊಟ್ಟಿತು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ನಿನ ಮಿತಿಯನ್ನೂ ಇಟ್ಟಿತು. ಅಲ್ಲಿರುವ ಅಣ್ಣ ಕಳಿಸಿದ ಚಿತ್ರ ನೋಡಿ ಇಲ್ಲಿರುವ ತಮ್ಮ ಬಕೀಟು ತರುವುದು ಸಹಜ. ಆದರೆ ಅಣ್ಣನ ಊರಿನ ಕಾನೂನು ಅಂಚೆಯಲ್ಲಿ ಬರುವುದಿಲ್ಲ.

ನಮ್ಮಂಥ ಸರಕಾರಿ ನೌಕರರಿಗೆ ಇನ್ನೂ ಒಂದು ಕಟ್ಟಿದೆ. ಕೇಂದ್ರ ನೌಕರರ 1964ರ ನಡತೆಯ ನಿಯಮಗಳಲ್ಲಿ 22ನೆಯದು, ನೌಕರನು ತಾನಿರುವ ಪ್ರದೇಶದಲ್ಲಿ ಜಾರಿಯಲ್ಲಿರುವ ಮದ್ಯದ ಕಾನೂನನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆನ್ನುತ್ತದೆ. ಖಾಸಗಿ ಕಾರಖಾನೆಯ ಹುಡುಗನಿಗೆ ಆ ನಿಯಮವಿಲ್ಲ, ನಿಜ. ಆದರೆ ಪೊಲೀಸು ಕೇಸು ಒಂದಾದರೆ ಬಾಡಿಗೆಯ ಕೋಣೆ ಹೋಗಬಹುದು, ಮುಂದಿನ ನೌಕರಿಯ ವಿಚಾರಣೆಯಲ್ಲಿ ಆ ಕಾಗದ ಅಡ್ಡ ಬರಬಹುದು. ಪರಸ್ಥಳದಲ್ಲಿ ಜಾಮೀನಿಗೆ ನಿಲ್ಲುವ ಬಂಧುಗಳು ಎಷ್ಟು ಮಂದಿ? ಇಪ್ಪತ್ತು ಲೀಟರು ಬಿಯರಿಗೆ ತೆರಬೇಕಾದ ಬೆಲೆ ಇಷ್ಟಾಗುವುದಾದರೆ, ಅದು ಯಾವ ಅಂಗಡಿಯ ಬೆಲೆಗಿಂತಲೂ ದುಬಾರಿ.

ಇನ್ನು ಅಪಾಯದ ಮಾತು. "ಕಣ್ಣು ಹೋಗುತ್ತದೆ" ಎಂದು ತಾಯಂದಿರು ಹೆದರುತ್ತಾರೆ. ಬಾರ್ಲಿಯ ಬಿಯರು ಹುದುಗುವುದರಿಂದ ಕಣ್ಣು ಹೋಗುವುದಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ, 2015ರಲ್ಲಿ ಮುಂಬಯಿಯ ಮಾಲವಣಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತದ್ದು ವಿಷಮದ್ಯದಿಂದ. ಅಂಥ ಮದ್ಯದಲ್ಲಿ ಕೊಲ್ಲುವುದು ಕೈಗಾರಿಕೆಗೆ ಬಳಸುವ ಮೆಥನಾಲು. ರಸಾಯನದ ಕಾರಖಾನೆಗಳ ನಡುವೆ ಬಾಳುವವರು ಇದನ್ನು ಮನದಟ್ಟು ಮಾಡಿಕೊಳ್ಳಬೇಕು: ಕಾರಖಾನೆಯ ಯಾವ ಸ್ಪಿರಿಟ್ಟೂ ಕುಡಿಯುವ ವಸ್ತುವಲ್ಲ. ಬಿಯರಿನ ಅಪಾಯ ಬೇರೆ ಬಗೆಯದು. ಈ ಬಗೆಯ ಯೀಸ್ಟಿಗೆ 18ರಿಂದ 22 ಡಿಗ್ರಿ ಹಿತ. ನಮ್ಮ ಬೇಸಿಗೆಯೋ 40 ಡಿಗ್ರಿ ಮುಟ್ಟುತ್ತದೆ. ಬಿಸಿಯಲ್ಲಿ ರುಚಿ ಕೆಡುತ್ತದೆ. ಹುದುಗು ಮುಗಿಯುವ ಮೊದಲೇ ಬಾಟಲಿಗೆ ತುಂಬಿದರೆ ಅನಿಲದ ಒತ್ತಡಕ್ಕೆ ಗಾಜು ಸಿಡಿದು ಚೂರಾಗುತ್ತದೆ. ಮಕ್ಕಳಿರುವ ಮನೆಗೆ ಇದು ಸಣ್ಣ ಮಾತಲ್ಲ.

ಹಾಗೆಂದು ಕುತೂಹಲಕ್ಕೆ ಬೀಗ ಹಾಕಬೇಕೇ? ಬೇಡ. ಬಾರ್ಲಿಯನ್ನು ಮೊಳೆಯಿಸುವ ವಿದ್ಯೆ ನಮಗೆ ಹೊಸದಲ್ಲ. ರಾಗಿಯನ್ನು ರಾತ್ರಿಯೆಲ್ಲ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಒಂದೆರಡು ದಿನಕ್ಕೆ ಮೊಳಕೆ ಬಂದ ಮೇಲೆ ಒಣಗಿಸಿ, ಹದವಾಗಿ ಹುರಿದು ಬೀಸುವುದು ನಮ್ಮ ಅಜ್ಜಿಯರ ಕೆಲಸ. ಮೊಳಕೆಯೊಡೆದಾಗ ಕಾಳಿನ ಪಿಷ್ಟ ಸಕ್ಕರೆಯಾಗತೊಡಗುತ್ತದೆ. ಬಾರ್ಲಿಯಲ್ಲಿ ನಡೆಯುವುದೂ ಅದೇ. ಸಿಕ್ಕಿಮ್, ನೇಪಾಳಗಳ ಬೆಟ್ಟದ ಜನ ಇದೇ ರಾಗಿಯಿಂದ ತೋಂಗ್ಬಾ ಎಂಬ ಪಾನೀಯವನ್ನು ಮಾಡುತ್ತಾರೆ. ನಮ್ಮವರು ಅಂಬಲಿ ಕಾಸಿ ಮಜ್ಜಿಗೆ ಬೆರೆಸಿದರು. ಹುಡುಗರು ಅಂಬಲಿಯನ್ನೇ ಬೇರೆಬೇರೆ ಹೊತ್ತು ಹುಳಿ ಬರಿಸಿ, ಶಾಖ, ವೇಳೆ, ರುಚಿಗಳನ್ನು ಪುಸ್ತಕದಲ್ಲಿ ಬರೆದಿಡಲಿ. ಯಾವ ಕಾಯಿದೆಯೂ ಅಡ್ಡ ಬರುವುದಿಲ್ಲ. ವಿದ್ಯೆಯನ್ನೇ ಉದ್ಯೋಗ ಮಾಡಿಕೊಳ್ಳುವ ಹಂಬಲವಿದ್ದರೆ, ಇದೇ ಸೊಲ್ಲಾಪುರ ರಸ್ತೆಯ ಮಾಂಜರಿಯಲ್ಲಿ ವಸಂತದಾದಾ ಸಕ್ಕರೆ ಸಂಸ್ಥೆಯಿದೆ; ಅಲ್ಲಿ ಮದ್ಯಸಾರ ತಂತ್ರಜ್ಞಾನಕ್ಕೆ ಪ್ರತ್ಯೇಕ ವಿಭಾಗವೇ ಉಂಟು. ಪುಣೆ, ಬೆಂಗಳೂರುಗಳಲ್ಲಿ ಪರವಾನಗಿ ಪಡೆದ ಸಣ್ಣ ಬಿಯರು ತಯಾರಕರಿಗೂ ಕಲಿತ ಕೈಗಳು ಬೇಕು.

ಹಿರಿಯರಲ್ಲಿ ನಮ್ಮದೊಂದು ವಿನಂತಿ. ಹುಡುಗ ಇಂಥ ಪ್ರಶ್ನೆ ಕೇಳಿದ ಕೂಡಲೇ "ಕುಡುಕನಾದೆ" ಎಂದು ಗದರಬೇಡಿ. ಗದರಿದರೆ ಬಕೀಟು ಅಟ್ಟ ಸೇರುತ್ತದೆ, ಮಾತು ನಿಲ್ಲುತ್ತದೆ. ಕೇಳಿ ಮಾಡುವವನಿಗೆ ಕಾಯಿದೆ ತಿಳಿಸಬಹುದು. ಬಚ್ಚಿಟ್ಟು ಮಾಡುವವನಿಗೆ ತಿಳಿಸುವವರು ಪೊಲೀಸರೇ. ಅವರಿಗಿಂತ ಮೊದಲು ನಾವು ಹೇಳಿದರೆ ಲೇಸು.